ಲಂಬುವನ್ನು ಕರೆತರುವ ಮುಂಚೆ

ಏಪ್ರಿಲ್ ೧೧, ಶನಿವಾರ

ಮುದ್ದು ಚಿನ್ನು,

ನಿನ್ನ ಎರಡು ಕಾಗದ ಬಂದು ತಿಂಗಳಾಯಿತು. ಕೋಪ ಮಾಡಿಕೊಂಡಿರುತ್ತೀಯ, ಮಾಡಿಕೋ, ತಪ್ಪು ನನ್ನದೇ. ದಿನಾ ಬರೆಯಲು ಕೂರುತ್ತೇನೆ, "ಇಲ್ಲಿ ಎಲ್ಲರೂ ಕ್ಷೇಮ" ಎಂದು ಒಂದು ಸಾಲು ಬರೆಯುತ್ತೇನೆ, ಪೆನ್ನು ಅಲ್ಲಿಗೇ ನಿಂತುಬಿಡುತ್ತದೆ. ಪಾಪುವಿನ ಕೆಮ್ಮು ಕಡಿಮೆಯಾಯಿತೇ? ಅಳಿಯಂದಿರು ಮಗುವನ್ನೂ ಅಡುಗೆಮನೆಯನ್ನೂ ಒಟ್ಟಿಗೆ ನೋಡಿಕೊಳ್ಳುತ್ತಿದ್ದಾರೆ ಎಂದು ಓದಿ ನಗು ಬಂತು. ನಿಮ್ಮಪ್ಪನಿಗೂ ಓದಿ ಹೇಳಿದೆ. "ನಾವೆಲ್ಲ ಆ ಕಾಲದಲ್ಲಿ ಹುಟ್ಟಿದ್ದೇ ತಪ್ಪು" ಎಂದರು.

ಮಂಗಳವಾರ ಹೊರಡುತ್ತೇವೆ. ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದೆ, ಈಗ ಸರಿಯಾಗಿ ಹೇಳುತ್ತೇನೆ. ಇಟಲಿಯ ಆ ಊರಿನವರಿಂದ ಫೆಬ್ರವರಿಯಲ್ಲಿ ಕಾಗದ ಬಂತಲ್ಲ, ಅದನ್ನು ಮಹಡಿಯ ಸಂಗೀತದ ಮೇಷ್ಟ್ರ ಹತ್ತಿರ ಓದಿಸಿದೆವು. ಪಾಪ, ಅವರು ಇಟಾಲಿಯನ್ ಕಲಿತದ್ದು ಹಾಡುವುದಕ್ಕೆ. ಚಂದ್ರ, ಕಣ್ಣೀರು, ನಿನ್ನ ಬಿಟ್ಟು ಬದುಕಲಾರೆ, ಇಷ್ಟು ಮಾತ್ರ ಚೆನ್ನಾಗಿ ಬರುತ್ತದೆ. "ಮೂಳೆ ಅನ್ನೋದಕ್ಕೆ ನಿಘಂಟು ತೆಗೀಬೇಕಾಯ್ತು ಕಣಮ್ಮಾ" ಎಂದು ತಲೆ ತಗ್ಗಿಸಿದರು. ಹತ್ತು ವರ್ಷ ತುಂಬಿದ ಗೋರಿಯ ಮಣ್ಣನ್ನು ಅಲ್ಲಿ ಅಗೆದು ಬೇರೆಯವರಿಗೆ ಜಾಗ ಮಾಡಿಕೊಡುತ್ತಾರಂತೆ. ನಮ್ಮ ಲಂಬುವಿನದು ಹನ್ನೊಂದಾಯಿತು. ಮನೆಯವರು ಬಂದು ನಿಂತರೆ ಮೂಳೆಗಳನ್ನು ಅವರ ಕೈಗೆ ಕೊಡುತ್ತಾರೆ, ಬರದಿದ್ದರೆ ಎಲ್ಲರದ್ದೂ ಸೇರಿಸಿ ಒಂದೇ ಕಡೆ ಹಾಕುತ್ತಾರೆ.

ನಿಮ್ಮಪ್ಪ ಕೇಳಿದ್ದು ಒಂದೇ ಮಾತು: "ಯಾವತ್ತು?"

ಅವನು ಹಡಗಿಗೆ ಬಣ್ಣ ಬಳಿಯುವ ಅಟ್ಟಣಿಗೆಯಿಂದ ಬಿದ್ದಾಗ ನಮ್ಮಿಬ್ಬರಿಗೂ ಪಾಸ್‌ಪೋರ್ಟೇ ಇರಲಿಲ್ಲ. ಕಾಗದಗಳು ಓಡಾಡುವಷ್ಟರಲ್ಲಿ ಜೊತೆ ಕೆಲಸದವರೇ ಮಣ್ಣು ಮಾಡಿ ಫೋಟೋ ಕಳಿಸಿದ್ದರು. ಈ ಸಲ ನಿಮ್ಮಪ್ಪ ಒಂದು ಕಾಗದಕ್ಕೂ ಕಾಯಲಿಲ್ಲ, ಎಲ್ಲದಕ್ಕೂ ತಾವೇ ಹೋಗಿ ನಿಂತರು. ವೀಸಾದ ಅರ್ಜಿಯಲ್ಲಿ ಯಾಕೆ ಹೋಗುತ್ತೀರಿ ಎಂಬ ಕಡೆ "ಸಂಬಂಧಿಕರ ಭೇಟಿ" ಎಂದು ಗುರುತು ಹಾಕಿದರು. ಕಿಟಕಿಯ ಹಿಂದಿದ್ದ ಹುಡುಗಿ, "ಯಾರು ಸರ್ ಅಲ್ಲಿರೋದು?" ಎಂದಳು.

"ಮಗ."

"ಅವರ ವಿಳಾಸ ಬರೆದಿಲ್ಲವಲ್ಲ?"

ನಿಮ್ಮಪ್ಪ ಜೇಬಿನಿಂದ ಚೀಟಿ ತೆಗೆದು ಓದಿದರು. "ಊರಿನ ಸ್ಮಶಾನ, ಮೂರನೇ ಅಂಕಣ, ಎಂಟನೇ ಸಾಲು." ಆ ಹುಡುಗಿ ಎದ್ದು ಒಳಗೆ ಹೋಗಿ ಬಂದು ಮುದ್ರೆ ಒತ್ತಿದಳು.

ಟಿಕೆಟ್ ಮಾಡಿಸುವವನು ಮಾತ್ರ ಬಿಡಲೊಲ್ಲ. "ನಾಲ್ಕೇ ದಿನಾನಾ ಸಾರ್? ಅಷ್ಟು ದೂರ ಹೋಗಿ? ಇನ್ನೊಂದು ವಾರ ಸೇರಿಸಿದ್ರೆ ಐದು ಊರು ನೋಡಬಹುದು!" ಎಂದು ಬಣ್ಣದ ಪುಸ್ತಕ ಬಿಡಿಸಿದ. ನಿಮ್ಮಪ್ಪ ಪ್ರತಿ ಹಾಳೆಯನ್ನೂ ಮರ್ಯಾದೆಯಿಂದ ನೋಡಿ, "ಚೆನ್ನಾಗಿದೆ. ನಮಗೆ ಒಂದೇ ಊರು ಸಾಕು" ಎಂದರು. ಕೆಲಸಕ್ಕೆ ಹೋದರೆ ಆಸ್ಪತ್ರೆಯ ಹೊಲಿಗೆ ಕೋಣೆಯಲ್ಲೂ ಇದೇ ಕಥೆ. ನಾವೆಲ್ಲ ಹಿರಿಯಕ್ಕ ಎಂದು ಕರೆಯುತ್ತೇವಲ್ಲ, ಹಾಸಿಗೆ ಬಟ್ಟೆಗಳ ಲೆಕ್ಕ ಇಡುವವಳು, ಮೂಗಿನ ಮೇಲೆ ಬೆರಳಿಟ್ಟು, "ಇಟಲಿಯಂತೆ! ಈ ವಯಸ್ಸಲ್ಲಿ ಗಂಡನ ಕೈ ಹಿಡ್ಕೊಂಡು! ಏನ್ ಜೋರೇ ನಿಂದು!" ಎಂದು ಎಲ್ಲರನ್ನೂ ನಗಿಸಿದಳು. ಬರುವಾಗ ಅವಳಿಗೊಂದು ಚರ್ಮದ ಚೀಲ ತರಬೇಕಂತೆ, ಕಂದು ಬಣ್ಣದ್ದೇ ಆಗಬೇಕಂತೆ. ಜಾಗ ಉಳಿದರೆ ನೋಡೋಣ ಅಂದೆ. ನಿಜ ಹೇಳುವುದಕ್ಕೆ ಬಾಯಿ ಬರಲಿಲ್ಲ. ನನ್ನನ್ನು ನೋಡಿ ಯಾರಾದರೂ ಹೊಟ್ಟೆಕಿಚ್ಚು ಪಟ್ಟು ಎಷ್ಟು ವರ್ಷವಾಗಿತ್ತು, ಹೇಳು.

ಅವನನ್ನು ತರುವ ಪೆಟ್ಟಿಗೆಯ ವಿಷಯ ಹೇಳಬೇಕು. ಸತುವಿನದಾಗಿರಬೇಕು, ಉದ್ದ ಎಪ್ಪತ್ತು ಸೆಂಟಿಮೀಟರ್, ಅಗಲ ಎತ್ತರ ಮೂವತ್ತು, ಅಲ್ಲಿಯದನ್ನೇ ಕೊಳ್ಳಬಹುದು, ಇಲ್ಲವೇ ನೀವೇ ತರಬಹುದು ಎಂದು ಕಾಗದದಲ್ಲಿತ್ತು. ಬಸ್ ಡಿಪೋದಲ್ಲಿ ಮೂವತ್ತು ವರ್ಷ ತಗಡು ಬಡಿದವರಿಗೆ ಇಷ್ಟು ಓದಿದ ಮೇಲೆ ಕೈ ಸುಮ್ಮನಿರುತ್ತದೆಯೇ? ಮಾರ್ಚ್ ಪೂರ್ತಿ ನಮ್ಮ ಹಿಂದಿನ ಅಂಗಳದಲ್ಲಿ ಅದೇ ಸದ್ದು. ಚಳಿ ಹೋಗಿ ಎದುರಿನ ಮರಗಳೆಲ್ಲ ಚಿಗುರಿವೆ. ಬೀದಿಯವರು ಕಿಟಕಿ ತೆಗೆದು ಕಂಬಳಿ ಒಣಗಿಸುತ್ತಿದ್ದರೆ ಇವರು ತಗಡಿನ ಅಂಚು ಮಡಿಚುತ್ತಿದ್ದರು. ಒಂದು ದಿನ ಇದ್ದಕ್ಕಿದ್ದಂತೆ ಕೆಲಸ ಬಿಟ್ಟು ಅಡುಗೆಮನೆಗೆ ಬಂದು ಸ್ಟೂಲಿನ ಮೇಲೆ ಕೂತರು. ಅಳತೆಪಟ್ಟಿ ನನ್ನ ಕೈಗೆ ಕೊಟ್ಟು, "ಹಿಡಿ, ಸೊಂಟದ ಹತ್ತಿರ" ಎಂದರು. ಮೈಯಲ್ಲಿ ಎಲ್ಲಕ್ಕಿಂತ ಉದ್ದನೆಯ ಮೂಳೆ ತೊಡೆಯದು ತಾನೇ, ಮೊಣಕಾಲಿನವರೆಗೆ ತಾವೇ ಎಳೆದು ನೋಡಿದರು.

"ಐವತ್ತೊಂದು. ಅವನು ನನ್ನಷ್ಟೇ ಎತ್ತರ ಅಲ್ವಾ?"

"ನಿಮಗಿಂತ ಎರಡು ಬೆರಳು ಜಾಸ್ತಿ ಕಣ್ರೀ."

"ಸರಿ, ಐವತ್ತೈದು ಅಂದ್ಕೋ. ಸಾಕು, ಹಿಡಿಸುತ್ತೆ."

ಪೆಟ್ಟಿಗೆ ಅಚ್ಚುಕಟ್ಟಾಗಿ ಬಂದಿದೆ. ಕೈಯಾಡಿಸಿದರೆ ಎಲ್ಲೂ ತರಚುವುದಿಲ್ಲ. ಪಕ್ಕದ ಮನೆಯಾಕೆ ಬೇಲಿಯ ಮೇಲಿಂದ ನೋಡಿ, "ಪ್ರಯಾಣಕ್ಕೆ ತಿಂಡಿ ಡಬ್ಬಾನಾ?" ಎಂದು ಕೇಳಿದಳು. ಹೂಂ ಅಂದೆ. ಹೋಗುವಾಗ ಖಾಲಿಯೇ ತಾನೇ, ಜಾಗ ಯಾಕೆ ದಂಡ ಮಾಡುವುದು ಎಂದು ಅದರೊಳಗೆ ನಮ್ಮ ಒಳಬಟ್ಟೆ, ಕಾಲುಚೀಲ, ನಿಮ್ಮಪ್ಪನ ರಕ್ತದೊತ್ತಡದ ಮಾತ್ರೆ ತುಂಬಿದ್ದೇನೆ. ನನ್ನನ್ನು ಕಟುಕಿ ಅಂದುಕೊಳ್ಳಬೇಡ.

ವಿಮಾನದವರಿಗೂ ಫೋನ್ ಮಾಡಿದ್ದಾಯಿತು. ಬರುವಾಗ ಸಾಮಾನಿನ ತೂಕ ಎಷ್ಟಾಗುತ್ತದೆ ಎಂದು ಕೇಳಿದರಂತೆ. ನಿಮ್ಮಪ್ಪ ಫೋನನ್ನು ಕೈಯಿಂದ ಮುಚ್ಚಿಕೊಂಡು ನನ್ನ ಕಡೆ ತಿರುಗಿ, "ಹುಟ್ಟಿದಾಗ ಎಷ್ಟಿದ್ದ?" ಎಂದರು.

"ಮೂರೂಕಾಲು ಕಿಲೋ."

"ಐದು ಅಂತ ಬರ್ಕೊಳ್ಳಿ" ಎಂದು ಅವರಿಗೆ ಹೇಳಿದರು.

ಮೇಷ್ಟ್ರು ನಮಗೆ ಒಂದು ವಾಕ್ಯ ಕಲಿಸಿದ್ದಾರೆ. "ಸಿಯಾಮೊ ಈ ಜೆನಿತೋರಿ." ನಾವು ಅವನ ತಂದೆ ತಾಯಿ ಅಂತ. ನಿಮ್ಮಪ್ಪ ಗಡ್ಡ ಕೆರೆಯುವಾಗಲೂ ಅದನ್ನೇ ಹೇಳಿಕೊಳ್ಳುತ್ತಾರೆ. ನನಗೆ "ಜೆನಿ" ತನಕ ಬರುತ್ತದೆ, ಆಮೇಲೆ ನಾಲಿಗೆ ತೊಡರುತ್ತದೆ.

ಮನೆಯ ಬೀಗದ ಕೈ ಮೇಷ್ಟ್ರ ಹತ್ತಿರ ಇರುತ್ತದೆ. ಭಾನುವಾರ ಹಿಂತಿರುಗುತ್ತೇವೆ. ಪಾಪುವನ್ನು ಬಿಸಿಲಿಗೆ ಆಡಿಸು, ತಲೆಗೆ ಟೋಪಿ ಇರಲಿ. ನೀನೂ ಹೊತ್ತು ಹೊತ್ತಿಗೆ ಊಟ ಮಾಡು. ನೀವು ಮೂವರೂ ನೂರು ಕಾಲ ನೆಮ್ಮದಿಯಾಗಿರಿ. ನನಗೆ ಇನ್ನೇನೂ ಬೇಡ.

ಇಂತು ನಿನ್ನ
ಅಮ್ಮ

ತಾ. ಕ.: ಕಾಗದ ಮಡಿಚಿ ಲಕೋಟೆಗೆ ಹಾಕಿದ್ದೆ, ಅಂಟಿಸಲು ಆಗಲಿಲ್ಲ. ನಾನೂ ಬರುತ್ತೇನೆ ಎಂದು ನೀನು ಬರೆದಾಗ ಫೋನಿನಲ್ಲಿ ಬೇಡ ಅಂದದ್ದು ಪಾಪುವಿನ ಕೆಮ್ಮಿಗಾಗಿ ಅಲ್ಲ. ಅಲ್ಲಿ ನಿನ್ನ ಪಕ್ಕ ನಿಲ್ಲುವ ಧೈರ್ಯ ನನಗಿರಲಿಲ್ಲ.

ಬೀಳುವುದಕ್ಕೆ ಐದು ದಿನ ಮುಂಚೆ ಲಂಬು ಹೊಲಿಗೆ ಕೋಣೆಗೆ ಫೋನ್ ಮಾಡಿದ್ದ. "ಅಮ್ಮಾ, ಇಲ್ಲಿ ಹಲಗೆ ಅಲ್ಲಾಡುತ್ವೆ. ಸೊಂಟಕ್ಕೆ ಕಟ್ಕೊಳ್ಳೋಕೆ ಹಗ್ಗನೂ ಕೊಡಲ್ಲ. ಮೇಲೆ ಹತ್ತಿದ್ರೆ ಕಾಲು ನಡುಗುತ್ತೆ. ವಾಪಸ್ ಬಂದ್‌ಬಿಡ್ಲಾ?" ಎಂದ. ಅದಕ್ಕೆ ಮುಂಚೆ ಎರಡು ಕೆಲಸ ಅರ್ಧಕ್ಕೆ ಬಿಟ್ಟು ಬಂದಿದ್ದನಲ್ಲ, ನನಗೆ ರೇಗಿತು. "ಇನ್ನು ಮೂರು ತಿಂಗಳು ತಾನೇ, ಹಲ್ಲು ಕಚ್ಕೊಂಡು ಇರು. ಈ ಸಲವಾದ್ರೂ ಮುಗಿಸಿ ಬಾ, ನಾಲ್ಕು ಜನರ ಮುಂದೆ ತಲೆ ಎತ್ಕೊಂಡು ಓಡಾಡೋ ಹಾಗಾಗ್ಲಿ" ಅಂದೆ. "ಆಯ್ತಮ್ಮಾ. ಅಪ್ಪಂಗೆ ಹೇಳ್ಬೇಡ" ಅಂದ. ಹನ್ನೊಂದು ವರ್ಷ ಹೇಳಲಿಲ್ಲ.

ಇವತ್ತು ಲಕೋಟೆ ಹಿಡಿದುಕೊಂಡೇ ಹೋಗಿ ನಿಮ್ಮಪ್ಪನಿಗೆ ಹೇಳಿಬಿಟ್ಟೆ. ಕೂಗಾಡಲಿ, ಬಯ್ಯಲಿ ಎಂದು ಕಾದೆ. ಅವರು ಮಂಚದ ಅಂಚಿನಲ್ಲಿ ಕೂತು ಬಹಳ ಹೊತ್ತು ತಮ್ಮ ಕೈಗಳನ್ನೇ ನೋಡಿಕೊಂಡರು.

"ಯಾವತ್ತು ಮಾಡಿದ್ದ?"

"ಗುರುವಾರ."

"ಬುಧವಾರ ಡಿಪೋಗೆ ಮಾಡಿದ್ದ" ಎಂದರು. "ನಾನೂ ಇರು ಅಂದೆ. ಅಮ್ಮಂಗೆ ಹೇಳ್ಬೇಡ ಅಂದ."

ಪ್ರತಿ ವರ್ಷ ಅವನು ಹೋದ ದಿನ ನೀನು ಫೋನ್ ಮಾಡಿ, ಅವನು ಒಂದು ಮಾತು ನಮ್ಮ ಕಿವಿಗೆ ಹಾಕಬಾರದಿತ್ತಾ ಅಮ್ಮಾ ಎಂದು ಅಳುತ್ತೀಯ. ಹಾಕಿದ್ದ, ಚಿನ್ನು. ನಮ್ಮಿಬ್ಬರ ಕಿವಿಗೂ ಹಾಕಿದ್ದ.