ಜಹನಾರಾ ಸುತ್ತಿದ ಜಾಲರಿ

ಇಂದಿರಾನಗರ
12 ಜೂನ್ 2007

ಪ್ರೀತಿಯ ಜಹನಾರಾ,

2005ರ ಏಪ್ರಿಲ್ 19ರಂದು, ನೀನು ಸುತ್ತಿದ ತಂತಿ ಜಾಲರಿ ಕೆಟ್ಟದ್ದೆಂದು ಸಿಬ್ಬಂದಿ ಸಭೆಯಲ್ಲಿ ಓದಿ ಹೇಳಿ, ನಿನ್ನನ್ನು ನಮ್ಮ ಪ್ರಯೋಗಾಲಯದಿಂದ ಕಳಿಸಿಬಿಟ್ಟರು. ಅದು ಅನ್ಯಾಯ. ಇಷ್ಟು ಬರೆಯಲು ನನಗೆ ಎರಡು ವರ್ಷ ಬೇಕಾಯಿತು, ಮನ್ನಿಸು. ಕೆ.ಆರ್. ಪುರದ ಹೊಸ ಮನೆಯಲ್ಲಿ ನೀನೂ ಅಮ್ಮಿಯೂ ಕ್ಷೇಮವೆಂದು ನಂಬಿದ್ದೇನೆ.

ಹೊಸದಾಗಿ ಸೇರಿರುವ ಶರ್ವಾಣಿ ಮೊನ್ನೆ 2005ರ ದಾಖಲೆ ಪುಸ್ತಕ ತೆರೆದು ಕೂತಿದ್ದಳು. "ಮೇಡಂ, ಬೆಳಿಗ್ಗೆ ಸಿಗ್ನಲ್ ಸರಿಯಾಗೇ ಇದೆ, ಮಧ್ಯಾಹ್ನ ಮಾತ್ರ ಬಿದ್ದಿದೆ. ಜಾಲರಿ ಊಟದ ಹೊತ್ತು ನೋಡ್ಕೊಂಡು ಕೆಡತ್ತಾ?" ಅಂದಳು. ಬೀರುವಿನಿಂದ ನಿನ್ನ ಜಾಲರಿ ತೆಗೆದು, ಒಣಗಾಳಿ ತುಂಬಿದ ಪೆಟ್ಟಿಗೆಯಲ್ಲಿಟ್ಟು ಅಳೆದೆವು. ಒಂದು ಎಳೆಯೂ ತಪ್ಪಿಲ್ಲ. ಜಾಲರಿ ಸೋಸಿ ಕಳಿಸುವ ನಮ್ಮ ಟೆರಾಹರ್ಟ್ಸ್ ಅಲೆ ಬಟ್ಟೆ, ಕಾಗದಗಳನ್ನು ದಾಟಿ ಹೋಗುತ್ತದೆ. ಗಾಳಿಯಲ್ಲಿನ ನೀರಾವಿ ಅದನ್ನು ನುಂಗಿಬಿಡುತ್ತದೆ. ಅಂದು ಆದದ್ದೂ ಅದೇ.

ಶಿವಾಜಿನಗರದಲ್ಲಿ ಜರಿ ಕೆಲಸ ಕಲಿತ ಕೈ ನಿನ್ನದು. ಕೂದಲಿಗಿಂತ ತೆಳುವಾದ ಟಂಗ್‌ಸ್ಟನ್ ತಂತಿಯನ್ನು ಚೌಕಟ್ಟಿಗೆ ಸುತ್ತುವಾಗ ನೀನು ನನ್ನನ್ನೇ ಗದರುತ್ತಿದ್ದೆ: "ಏ ಜಲಜಾ, ತಂತಿ ಮೇಲೆ ಉಸಿರು ಬಿಡಬೇಡ ಕಣೇ. ಬಿಡ್ಲೇಬೇಕು ಅಂದ್ರೆ ರಸೆಲ್ ಮಾರ್ಕೆಟ್‌ಗೆ ಹೋಗಿ ಬಿಟ್ಟು ಬಾ."

ಈಗ ಜಾಲರಿ ಪರದೇಶದಿಂದ ಬರುತ್ತದೆ. ನಾನು ಎಷ್ಟು ಉಸಿರು ಬಿಟ್ಟರೂ ಕೇಳುವವರಿಲ್ಲ. ಮಧ್ಯಾಹ್ನ ಡಬ್ಬಿ ಬಿಚ್ಚಿ, ಗೋಡೆಗೆ ಮುಖ ಮಾಡಿ ಉಂಡು ಏಳುತ್ತೇನೆ.

ನಿರ್ದೇಶಕರಿಗೆ ಹೇಳಿದೆ. "ಹಳೇದನ್ನ ಯಾಕ್ರೀ ಕೆದಕ್ತೀರಾ?" ಅಂದರು. ಕೆಲಸ ಕೆಡಿಸಿದವಳೆಂದು ಸೂಚನಾ ಫಲಕದಲ್ಲಿ ನಿನ್ನ ಹೆಸರು ಹದಿನೇಳು ದಿನ ತೂಗಿತ್ತು, ನಾನು ಮರೆತಿಲ್ಲ.

ನಿನ್ನ ಕಣ್ಣು, ಬೆರಳು ಚೆನ್ನಾಗಿರಲಿ. ಅಮ್ಮಿಗೆ ನನ್ನ ಸಲಾಂ ಹೇಳು.

ನಿನ್ನ
ಜಲಜಾ

ತಾ.ಕ.: ಆ ನೀರಾವಿ ಎಲ್ಲಿಂದ ಬಂತೆಂದು ಶರ್ವಾಣಿಗೆ ಇನ್ನೂ ಹೇಳಿಲ್ಲ. ಆ ಬೇಸಿಗೆಯಲ್ಲಿ ಸೆಕೆ ತಾಳದೆ ಕಿಟಕಿಗೆ ಲಾವಂಚದ ತಟ್ಟಿ ಕಟ್ಟಿ, ದಿನಾ ಊಟವಾದ ಮೇಲೆ ನೀರು ಚಿಮುಕಿಸುತ್ತಿದ್ದವಳು ನಾನು. ನೀನು ಹೋದ ಮರುವಾರ ಅನುಮಾನ ಬಂದು ತಟ್ಟಿ ಬಿಚ್ಚಿದೆ. ಸಿಗ್ನಲ್ ಸರಿಹೋಯಿತು. ಹೊಸ ಜಾಲರಿ ಒಳ್ಳೆಯದು ಎಂದು ಎಲ್ಲರೂ ಹೊಗಳಿದರು, ನಾನು ಸುಮ್ಮನಿದ್ದೆ. ಮುಂದಿನ ಗುರುವಾರ ಮೂರು ಗಂಟೆಗೆ ಸಿಬ್ಬಂದಿ ಸಭೆಯಿದೆ. ನೀನು ಬರಬೇಕು. ನಿನ್ನನ್ನು ಯಾಕೆ ಕಳಿಸಿದಿರೆಂದು ಅವರನ್ನು ಕೇಳು, ಯಾಕೆ ಬಾಯಿ ಬಿಡಲಿಲ್ಲವೆಂದು ನನ್ನನ್ನು ಕೇಳು. ಎಲ್ಲರೆದುರೇ ಕೇಳು.