ಎಲ್ಲರಿಗೂ ಧ್ವನಿಯ ಪಾಠ

ಮಾರ್ಚ್ 3, ಸೋಮವಾರ

ಮತ್ತೆ ಸ್ಕ್ರೀನ್. ಮತ್ತೆ ಧ್ವನಿಯ ಪಾಠ. ಗಂಟಲು ಕೈಕೊಟ್ಟ ಮೇಲೆ ವಿಜ್ಞಾನದ ಟೀಚರ್ ಕೆಲಸ ಬಿಟ್ಟೆ. ಶಾಲೆಗಳಿಗೆ ಪಾಠ ತಯಾರಿಸುವ ಈ ಕಂಪನಿಯಲ್ಲಿ ಮಾತಾಡಬೇಕಿಲ್ಲ, ಪಾಠ ಕಟ್ಟಿಕೊಟ್ಟರೆ ಸಾಕು ಅಂದಿದ್ದರು. ಯಾವ ಮಗುವೂ ಹೊರಗುಳಿಯದ ಪಾಠ... ಸಂದರ್ಶನದಲ್ಲಿ ಅವರು ಹಾಗೆಯೇ ಹೇಳಿದ್ದು.

ಇವತ್ತು ಮ್ಯಾನೇಜರ್ — ಬೆನ್ನ ಹಿಂದೆ ನಮಗೆಲ್ಲ ಗಡುವಪ್ಪ — ಬಂದು ನಿಂತರು.

“ಮೇಡಂ, ಕಿವುಡ ಮಕ್ಕಳ ಶಾಲೆಗೆ ಈ ಪಾಠ ಬೇಡ. ಕೇಳಿಸದೋರಿಗೆ ಧ್ವನಿ ಹೇಳಿ ಏನುಪಯೋಗ? ವಿನಾಯಿತಿ ಅಂತ ಹಾಕಿಬಿಡಿ.”

“ಕರೆಂಟ್ ನಿಮಗೆ ಕಾಣುತ್ತಾ ಸರ್? ಆದ್ರೂ ಓದಿದ್ರಲ್ಲ.”

ನಗಲಿಲ್ಲ. ಶುಕ್ರವಾರ ಫೈನಲ್ ಅಂದು ಹೋದರು.

ಮಾರ್ಚ್ 4

ಬಲೂನು ಊದಿ ಊದಿ ದವಡೆ ನೋವು. ಎರಡೂ ಕೈಯಲ್ಲಿ ಹಿಡಿದು ಸ್ಪೀಕರ್ ಎದುರು ತಂದರೆ ಅಂಗೈಗೆ ಕಂಪನ ತಿಳಿಯುತ್ತದೆ. ಪಾಠ ಶುರುವಾಗಬೇಕಾದ್ದೇ ಅಲ್ಲಿಂದ. ಕೇಳಿಸುವವರಿಗೂ ಅದೇ. ಕಿವುಡರಿಗೆ ಬೇರೆ ಪಂಕ್ತಿ ಬೇಡ.

ಸಂಜೆ ಮನೆಯಲ್ಲಿ ನಮ್ಮವರು ಬಲೂನಿನ ರಾಶಿ ನೋಡಿ, “ಯಾರ ಹುಟ್ಟುಹಬ್ಬ?” ಅಂದರು. ನಾನು ಮಲಗಿಬಿಟ್ಟೆ. ಅಡುಗೆ ಅವರೇ ಮಾಡಿದರು.

ಮಾರ್ಚ್ 7, ಶುಕ್ರವಾರ

ಬಲೂನಿನ ಪಾಠಕ್ಕೆ ಗಡುವಪ್ಪ ಒಪ್ಪಲಿಲ್ಲ. ವಿನಾಯಿತಿ ಹಾಕಲಾರೆ ಅಂದೆ.

“ಹಠ ಬಿಡಿ ಮೇಡಂ. ನನ್ನ ಮೇಲೂ ಜನ ಇದಾರೆ.” ದನಿಯಲ್ಲಿ ಸಿಟ್ಟಿಗಿಂತ ಸುಸ್ತೇ ಹೆಚ್ಚು.

“ಒಂದು ಕ್ಲಾಸಲ್ಲಿ ಮಾಡಿ ನೋಡೋಣ. ನೀವೂ ಬನ್ನಿ. ಕೈಗೂಡಲಿಲ್ಲ ಅಂದ್ರೆ ನಾನೇ ಕೆಲಸ ಬಿಡ್ತೀನಿ.”

ಬಾಯಿಗೆ ಬೀಗವಿಲ್ಲ ನನಗೆ.

ಮಾರ್ಚ್ 18, ಮಂಗಳವಾರ

ಕಿವುಡ ಮಕ್ಕಳ ಶಾಲೆ. ಗಡುವಪ್ಪ ಹಿಂದಿನ ಬೆಂಚಿನಲ್ಲಿ, ಮೊಣಕಾಲು ಎಲ್ಲಿಡುವುದೆಂದು ತಿಳಿಯದೆ. ಸ್ಪೀಕರ್ ಹಾಕಿದೆ. ಬಲೂನು ಹಿಡಿದ ಮಕ್ಕಳ ಹುಬ್ಬುಗಳೆಲ್ಲ ಮೇಲೆ. ಎರಡು ಜಡೆಯ ಹುಡುಗಿಯೊಬ್ಬಳು ತನ್ನ ಬಲೂನನ್ನು ಗಡುವಪ್ಪನ ಕೈಗೆ ತುರುಕಿದಳು. ಕಣ್ಣು ಮುಚ್ಚಿ ಹಿಡಿದುಕೊಂಡರು. ಅವಳೇ ಕಿತ್ತುಕೊಳ್ಳಬೇಕಾಯಿತು.

ವಾಪಸು ಬರುವಾಗ ಕಾರಿನಲ್ಲಿ, “ಎಲ್ಲ ಶಾಲೆಗೂ ಇದೇ ಹೋಗ್ಲಿ” ಅಂದರು. ಅಷ್ಟೇ.

ಗೆದ್ದೆ ಅನ್ನಿಸಬೇಕಿತ್ತು. ಮೈಯೆಲ್ಲ ಸೀಸದಂತೆ ಭಾರ.

ಮಾರ್ಚ್ 19

ನಿನ್ನೆ ಒಂದು ವಿಷಯ ಬರೆಯದೆ ಬಿಟ್ಟೆ. ಪಾಠ ಮುಗಿದ ಮೇಲೆ ಆ ಹುಡುಗಿ ಕೈಸನ್ನೆಯಲ್ಲಿ ಏನೋ ಕೇಳಿದಳು. ಅವರ ಟೀಚರ್ ಅದನ್ನು ನನಗೆ ಬಿಡಿಸಿ ಹೇಳಿದರು:

“ಅಳುವಾಗ ಗಂಟಲು ನಡುಗುತ್ತಲ್ಲ, ಅದೂ ಸದ್ದೇನಾ ಅಂತ ಕೇಳ್ತಿದಾಳೆ.”

ಹೌದೆಂದು ತಲೆಯಾಡಿಸಿದೆ.

ಮತ್ತೆ ಕೈಸನ್ನೆ. ಈ ಸಲ ನಿಧಾನ.

“ಹಾಗಾದ್ರೆ ಬಾಗಿಲು ಹಾಕ್ಕೊಂಡು ಅತ್ತಾಗೆಲ್ಲ ಅಮ್ಮಂಗೆ ಕೇಳಿಸ್ತಿತ್ತಾ ಅಂತೆ.”

ಕೇಳಿಸಿರುತ್ತೆ ಪುಟ್ಟಿ, ಅಂದೆ. ನನ್ನ ತುಟಿಯನ್ನೇ ನೋಡುತ್ತಿದ್ದಳು. ಆಮೇಲೆ ಅವಳು ತನ್ನ ಗಂಟಲಿಗೆ ಎರಡೂ ಅಂಗೈ ಒತ್ತಿ ಹಿಡಿದಳು, ಬಲೂನು ಹಿಡಿದ ಹಾಗೆಯೇ.