ಗುಡ್ಡ ಸುತ್ತಿದ ಕಂದು ಗೆರೆ

ಹೊಸಪೇಟೆ, 1999

ಅಪ್ಪಾ,

ನೀನು ಹೋಗಿ ವರ್ಷವಾದ ಮೇಲೆ ಇವತ್ತು ನಿನ್ನ ಟ್ರಂಕು ತೆಗೆದೆ. ತಳದಲ್ಲಿ ಸಂಡೂರಿನ ಕಾಡುಗುಡ್ಡಗಳ ನಕಾಶೆ. ಐವತ್ತೆಂಟರಲ್ಲಿ ಸರ್ವೆಯವರು ಡೇರೆ ಕೀಳುವಾಗ ಬಿಟ್ಟುಹೋದದ್ದು. ಹಸಿರು ಕಾಡು, ನೀಲಿ ಹಳ್ಳ, ಉಳಿದದ್ದೆಲ್ಲ ಕಂದು ಗೆರೆ. ನೋಡುತ್ತಲೇ ನನ್ನ ಅಂಗಾಲು ನೋಯತೊಡಗಿತು.

ಎಪ್ಪತ್ಮೂರರ ಆ ಸೋಮವಾರ ನೆನಪಿದೆಯಾ? ಗುಡ್ಡದಾಚೆಯ ವಡ್ಡು ಊರಿನ ವರನ ಅಜ್ಜಿ ಹಾಸಿಗೆ ಹಿಡಿದಿದ್ದಳು. ಹುಡುಗಿಯನ್ನು ಇಲ್ಲಿಗೇ ಕರೆತನ್ನಿ, ಮಧ್ಯಾಹ್ನದೊಳಗೆ ಬಂದರೆ ಮಾತು ಮುಗಿಸೋಣ ಎಂದಿದ್ದರು. ನನಗೋ ಎಂ.ಎ. ಓದುವ ಹಟ. ಅರ್ಜಿ ನಿನ್ನ ಕೈಗಿಟ್ಟು ಹತ್ತು ದಿನವಾದರೂ ನೀನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅವ್ವನಿಗೆ ಎದುರಾಡಿದವನೇ ಅಲ್ಲ ನೀನು. ಸಂಬಂಧ ತಂದವನು ಅವಳ ತಮ್ಮ ಚನ್ನಯ್ಯ.

ಬಸ್ಸಿಳಿದದ್ದೇ ನೀನು ನಕಾಶೆ ಬಿಚ್ಚಿ, ಗುಡ್ಡದ ಮೇಲೆ ಅಡ್ಡದಾರಿ ಇದೆ ಅಂದೆ. ಕಂಪ್ಲಿಯ ಗದ್ದೆಗಳಿಗೆ ಸರದಿಯಂತೆ ಕಾಲುವೆ ನೀರು ಬಿಡುವ ಸೌಡಿ ನೀನು. ಕಾಗದದ ಮೇಲಿನ ಗೆರೆಯೆಲ್ಲ ನಿನಗೆ ಕಾಲುವೆಯೇ. "ಗೆರಿ ಹಿಡದು ನಡದ್ರ ಊರು ಬಂದ ಬರತೈತಿ" ಎಂದು ಒಂದು ಕಂದು ಗೆರೆಯ ಮೇಲೆ ಬೆರಳಿಟ್ಟೆ. ಹತ್ತಲಿಲ್ಲ, ಇಳಿಯಲಿಲ್ಲ, ನೀನು, ನಾನು, ಚನ್ನಯ್ಯ ಮಾವ ಆಡಿನ ಜಾಡಿನಲ್ಲಿ ನಡೆದೇ ನಡೆದೆವು. ನನ್ನ ರೇಷ್ಮೆ ಸೀರೆಯ ಅಂಚು ಅದಿರಿನ ಧೂಳಿಗೆ ಕೆಂಪಾಯಿತು. ಬೀಗರಿಗೆಂದು ಒಯ್ದ ಹೋಳಿಗೆಯನ್ನು ನಾವೇ ತಿಂದು ಮುಗಿಸಿದೆವು.

ಮಧ್ಯಾಹ್ನ ಮೀರಿದಾಗ ಚನ್ನಯ್ಯ ಮಾವ ಗಕ್ಕನೆ ನಿಂತ. "ಭಾವಾರ, ಈ ಹುಣಸಿಗಿಡಾನ ಮುಂಜಾನಿ ನೋಡಿದ್ವಲ್ರೀ."

ಕೊಂಬೆಯ ಮೇಲೆ ಅವನೇ ಮರೆತಿದ್ದ ಟವೆಲ್ಲು ನೇತಾಡುತ್ತಿತ್ತು.

"ಸರ್ಕಾರದ ನಕಾಶಿನ ತಪ್ಪೈತಿ, ನಾ ಏನ್ ಮಾಡ್ಲಿ?" ಅಂದೆ ನೀನು.

ವಡ್ಡಿನವರು ಮುನಿದು ಸಂಬಂಧ ಮುರಿದರು. ಅವ್ವ ತಿಂಗಳುಗಟ್ಟಲೆ ನಿನ್ನ ತಾಟಿಗೆ ಬರೀ ರೊಟ್ಟಿ ಎಸೆದಳು. ಆ ಗದ್ದಲದಲ್ಲಿ ನನ್ನ ಅರ್ಜಿಗೆ ನೀನು ಸಹಿ ಹಾಕಿದ್ದನ್ನು ಯಾರೂ ಗಮನಿಸಲಿಲ್ಲ.

ಆಮೇಲೆ ನಾನು ಪಾಠ ಮಾಡುವ ಕಾಲೇಜಿನಲ್ಲಿ ಭೂಗೋಳದ ಮೇಡಂ ಬಿಡಿಸಿ ಹೇಳಿದರು: ಆ ಗೆರೆಗಳು ದಾರಿಯಲ್ಲ, ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗುರುತು, ಹಿಡಿದು ನಡೆದರೆ ಹೊರಟಲ್ಲಿಗೇ ಬರುತ್ತೀರಿ. ಇಪ್ಪತ್ತು ವರ್ಷ ಸ್ಟಾಫ್ ರೂಮಿನಲ್ಲಿ ನಿನ್ನ ಪೆದ್ದುತನ ಹೇಳಿ ಎಲ್ಲರನ್ನೂ ನಗಿಸಿದ್ದೇನೆ, ಅಪ್ಪಾ.

ಇವತ್ತು ಕನ್ನಡಕ ಹಾಕಿಕೊಂಡು ನೋಡಿದೆ. ಅದೇ ಗೆರೆಗುಂಟ, ನೀರಿನ ಸರದಿ ಬರೆಯುತ್ತಿದ್ದ ನಿನ್ನ ಕಾಪಿ ಪೆನ್ಸಿಲ್ಲಿನ ನೇರಳೆ ಗುರುತು, ಗುಡ್ಡ ಸುತ್ತಿ ಹೊರಟಲ್ಲಿಗೇ ಬಂದಿದೆ. ಅಲ್ಲೊಂದು ಚುಕ್ಕಿ: ಹುಣಸಿಗಿಡ. ಪಕ್ಕದಲ್ಲಿ ನಿನ್ನ ಗುಂಡು ಅಕ್ಷರ: "ಒಂದು ಸುತ್ತು: ನಾಕು ತಾಸು. ಸೋಮವಾರಕ್ಕ ಸಾಕು."

ಅವ್ವ ಈಗಲೂ ಸರ್ವೆಯವರನ್ನು ಬೈಯುತ್ತಾಳೆ. ಬೈಯಲಿ, ನಾನು ಹೇಳುವುದಿಲ್ಲ. ನೀನಿರುವ ಗುಡ್ಡದಲ್ಲಿ ನಿನ್ನ ಕಾಲಿಗೆ ಮುಳ್ಳು ತಾಗದಿರಲಿ.

ನಿನ್ನ ಗೆರೆ ಹಿಡಿದು ನಡೆದವಳು,
ಪಂಪಮ್ಮ